ಆರೋಗ್ಯ ವಿಚಾರ: ತಾಳ ತಪ್ಪಿದ ನಡೆ

ಮದ್ಯವನ್ನು ಮುಟ್ಟದವನೊಬ್ಬನು ಕುಡಿದವನಂತೆ ತೂರಾಡುತ್ತ ಬೀದಿಯಲ್ಲಿ ನಡೆದರೆ ಜನರು ಏನೆಂದು ಊಹಿಸುವರೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಕಾಲುಗಳನ್ನು ಅಗಲಿಸಿಟ್ಟು, ಗೋಡೆಯ ಆಸರೆಯನ್ನು ಹುಡುಕುತ್ತ, ತೊದಲು ಮಾತನ್ನಾಡುವ ಇಂತಹವನು ಸಂಜೆಯ ಹೊತ್ತು ಸಯ್ಯಾಜಿರಾವ್ ರಸ್ತೆಯ ಸಂದಣಿಯಲ್ಲಿ ಸಿಕ್ಕಿಕೊಂಡರೆ ನಗುವವರೂ ಉಂಟು, ಬೈಯುವವರೂ ಉಂಟು. ಅವನ ದೋಷವಾದರೋ ಸೀಸೆಯೊಳಗಿನದಲ್ಲ. ತಲೆಯ ಹಿಂಬದಿಯಲ್ಲಿ ದೊಡ್ಡ ಮಿದುಳಿನ ಕೆಳಗೆ ಅಡಗಿರುವ ಕಿರುಮಿದುಳಿನದಾಗಿರಬಹುದು. ಈ ಲಕ್ಷಣಕ್ಕೆ ವೈದ್ಯರು ಅಟಾಕ್ಸಿಯ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಟಾಕ್ಸಿಸ್’ ಎಂದರೆ ಕ್ರಮ. ಅದರ ಹಿಂದೆ ಸೇರಿರುವ ಅಕಾರವು ಸಂಸ್ಕೃತದ ನಞರ್ಥದ ಅಕಾರಕ್ಕೆ ಒಡಹುಟ್ಟು. ಹಾಗಾದರೆ ‘ಅಕ್ರಮ’ವೆಂದು ಕರೆಯಬಹುದಾಗಿತ್ತು, ಆದರೆ ಆ ಮಾತಿಗೆ ಈಗ ಪೋಲೀಸು ಠಾಣೆಯ ವಾಸನೆ ಹತ್ತಿರುವುದರಿಂದ ಗ್ರೀಕ್ ಹೆಸರನ್ನೇ ಇಟ್ಟುಕೊಳ್ಳೋಣ.

ಇದು ಪಾರ್ಶ್ವವಾಯುವಿನಂತೆ ಬಲಹೀನತೆಯಲ್ಲ. ಮಾಂಸಖಂಡಗಳಲ್ಲಿ ಶಕ್ತಿಯಿದ್ದೂ ಅವು ಒಂದಕ್ಕೊಂದು ಹೊಂದಿಕೊಂಡು ಕೆಲಸಮಾಡವು. ಮತ್ತೊಂದು ಮಾತು: ಅಟಾಕ್ಸಿಯವು ಒಂದೇ ರೋಗದ ಹೆಸರಲ್ಲ, ಹಲವು ರೋಗಗಳಿಗೆ ಸಾಧಾರಣವಾದ ಲಕ್ಷಣ. ಸುಶ್ರುತರು ಕಲಾಯಖಂಜವೆಂಬ ವಾತವ್ಯಾಧಿಯಲ್ಲಿ, ನಡೆಯಲು ಹೊರಟೊಡನೆ ನಡುಗಿ ಕುಂಟುವವನನ್ನು ವರ್ಣಿಸಿದ್ದಾರೆ. ಅದೇ ಇದೆಂದು ಸಾಧಿಸುವ ಉತ್ಸಾಹ ನನಗಿಲ್ಲ. ನಡೆಯನ್ನು ನೋಡಿ ರೋಗವನ್ನು ವಿಂಗಡಿಸುವ ಪದ್ಧತಿ ಎಷ್ಟು ಹಳೆಯದೆಂಬುದನ್ನು ಮಾತ್ರ ಸೂಚಿಸುತ್ತೇನೆ. ಇಂದಿಗೂ ಪರೀಕ್ಷೆಯ ಬಹುಭಾಗವು ವೈದ್ಯರ ಕಣ್ಣಿನಲ್ಲಿಯೂ ಮನೆಯವರ ಬಾಯಿನಲ್ಲಿಯೂ ಇದೆ. ಯಂತ್ರಗಳ ಸರದಿ ಆಮೇಲೆ.

ಮೊದಲನೆಯ ಪ್ರಶ್ನೆ, ಯಾವಾಗಿನಿಂದ ಎಂಬುದು. ಗಳಿಗೆಯಲ್ಲಿ ತಲೆನೋವು, ವಾಂತಿಗಳೊಡನೆ ಬಂದ ತೂರಾಟವು ಕಿರುಮಿದುಳಿನ ರಕ್ತನಾಳ ಕಟ್ಟಿಕೊಂಡುದರಿಂದಲೋ ಒಡೆದುದರಿಂದಲೋ ಆಗಿರಬಹುದು. ಆಗ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಸೀತಾಳೆಸಿಡುಬು ಎದ್ದು ಇಳಿದ ಮೇಲೆ ಮಗು ತೂರಾಡುವುದುಂಟು. ವೈದ್ಯರು ನೋಡಲೇಬೇಕಾದರೂ ಅದು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ವಾಸಿಯಾಗುವುದು. ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆದುದಾದರೆ ವಂಶದ ಯೋಚನೆ ಬರುತ್ತದೆ. ‘ತಲೆಸುತ್ತು’ ಎಂಬ ನಮ್ಮ ಮಾತು ಇಲ್ಲಿ ಬಹಳ ಗೊಂದಲವನ್ನುಂಟುಮಾಡುತ್ತದೆ. ಸುತ್ತಲಿನ ಲೋಕವು ತಿರುಗುತ್ತಿದೆಯೋ, ಲೋಕ ನಿಂತೇ ಇದ್ದು ಕಾಲು ಹೇಳಿದಂತೆ ಕೇಳುತ್ತಿಲ್ಲವೋ ಎಂಬುದನ್ನು ಬಿಡಿಸಿ ಹೇಳಬೇಕು. ಮೊದಲನೆಯದು ಹೆಚ್ಚಾಗಿ ಒಳಕಿವಿಯ ದೋಷ.

ಅನಂತರ ವೈದ್ಯರು ರೋಗಿಯನ್ನು ನಡೆಸಿ ನೋಡುವರು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳನ್ನು ತಾಗಿಸುತ್ತ ಗೆರೆಯ ಮೇಲೆ ನಡೆಯೆಂದರೆ, ಆರಂಭದಶೆಯಲ್ಲಿರುವವನೂ ಓಲುವನು. ಪಾದಗಳನ್ನು ಜೋಡಿಸಿ ನಿಂತು ಕಣ್ಣು ಮುಚ್ಚುವ ಪರೀಕ್ಷೆಗೆ 19ನೆಯ ಶತಮಾನದ ಬರ್ಲಿನ್ ವೈದ್ಯ ರೋಂಬರ್ಗನ ಹೆಸರಿದೆ. ಕಣ್ಣು ತೆರೆದಿರುವಾಗ ನಿಂತು, ಮುಚ್ಚಿದೊಡನೆ ಬೀಳುವವನಾದರೆ ದೋಷವು ಕಿರುಮಿದುಳಿನಲ್ಲಿರುವುದಕ್ಕಿಂತ ಕಾಲಿನಿಂದ ಸುದ್ದಿ ತರುವ ನರಗಳಲ್ಲಿಯೋ ಬೆನ್ನುಹುರಿಯಲ್ಲಿಯೋ ಇರುವ ಸಂಭವ ಹೆಚ್ಚು. ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಓಲಾಟವಾಗುವುದೆಂದು ಹೆಂಗಸರು ಹೇಳಿದರೆ ವೈದ್ಯರು ಅದನ್ನು ಬಹು ಆಸಕ್ತಿಯಿಂದ ಕೇಳುವರು. ಇದನ್ನು ಮನೆಯಲ್ಲಿ ಒಬ್ಬರೇ ಮಾಡಿನೋಡಬಾರದು. ಬಿದ್ದು ಸೊಂಟ ಮುರಿದೀತು. ಶ್ರುತಿಕವೆ ಎಂಬ ಕವಲೊಡೆದ ಉಕ್ಕಿನ ಕಡ್ಡಿಯನ್ನು ಮಿಡಿದು ಕಾಲಿನ ಗೆಣ್ಣಿಗೆ ಒತ್ತಿ, ಅದರ ಕಂಪನವು ತಿಳಿಯುವುದೋ ಎಂದು ಕೇಳುವುದೂ ಈ ನರಗಳ ವಿಚಾರಕ್ಕಾಗಿಯೇ.

ತನ್ನ ಮೂಗನ್ನೂ ವೈದ್ಯರ ಬೆರಳನ್ನೂ ಸರದಿಯಾಗಿ ಮುಟ್ಟುವಾಗ ಬೆರಳು ಗುರಿಯ ಹತ್ತಿರ ಬಂದಷ್ಟೂ ನಡುಗುವುದು. ಅಂಗೈಯನ್ನು ತೊಡೆಯ ಮೇಲೆ ಮಗುಚಿ ಮಗುಚಿ ಬಡಿಯೆಂಬ ಪರೀಕ್ಷೆಯನ್ನು ನಮ್ಮವರಿಗೆ ವಿವರಿಸಬೇಕಾಗಿಯೇ ಇಲ್ಲ: ಆದಿತಾಳದ ಕೊನೆಯಲ್ಲಿ ಘಾತವನ್ನು ಹಾಕಿ ಕೈಯನ್ನು ಮಗುಚುತ್ತೇವಲ್ಲ, ಅದನ್ನೇ ದ್ರುತಕಾಲದಲ್ಲಿ ಮಾಡಿಸುವರು. ರೋಗಿಯ ಕೈಯಲ್ಲಿ ಬಲವಿದ್ದೂ ತಾಳ ನಿಲ್ಲದು. ಕಣ್ಣುಗಳನ್ನು ಒಂದು ಗುರಿಯಿಂದ ಮತ್ತೊಂದಕ್ಕೆ ಹಾರಿಸಿ ನೋಡುವರು. ಕೆಲವರ ನೋಟವು ಅದುರುವುದು, ಕೆಲವರದು ಆಮೆಯಂತೆ ಹೊರಳುವುದು. ಈ ನಿಧಾನದೃಷ್ಟಿಯಿರುವ ವಂಶಪಾರಂಪರ್ಯದ ಬಗೆಯನ್ನು ಬೇರೆಯಾಗಿ ಗುರುತಿಸಿ 1971ರಲ್ಲಿ ಪ್ರಕಟಿಸಿದವರಲ್ಲಿ ಮುಖ್ಯರು ಮುಂಬಯಿಯ ಡಾಕ್ಟರ್ ನೋಶೀರ್ ವಾಡಿಯಾ ಅವರು. ಯಂತ್ರದ ಸಹಾಯಕ್ಕಿಂತ ಮುಂಚೆ ಕಣ್ಣೇ ಕಣ್ಣನ್ನು ಓದಿದುದಕ್ಕೆ ಇದು ದೃಷ್ಟಾಂತ.

ಮಾತಿನ ಪರೀಕ್ಷೆಗೆ ಮೈಸೂರಿಗರು ದೂರ ಹೋಗಬೇಕಾಗಿಲ್ಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಅಟಾಕ್ಸಿಯದ ಮಾತು, ಛಂದಸ್ಸಿನ ಪ್ರಸ್ತಾರ ಹಾಕಲು ಕಲಿಯುತ್ತಿರುವ ಬಾಲಕನು ಲಘು ಗುರುಗಳನ್ನು ಬಿಡಿಸಿ ಓದುವಂತೆ ಅಕ್ಷರಕ್ಷರವಾಗಿ ಒಡೆದುಕೊಂಡು ಬರುವುದು. ‘ಪ-ಟ-ಕ, ಪ-ಟ-ಕ’ ಎಂದು ಬೇಗಬೇಗನೆ ಹೇಳಿಸುವುದು ಇಲ್ಲಿ ವಾಡಿಕೆಯ ಪರೀಕ್ಷೆ. ತುಟಿ, ನಾಲಗೆಯ ತುದಿ, ನಾಲಗೆಯ ಬುಡ ಎಂಬ ಮೂರು ಸ್ಥಾನಗಳು ಸರದಿ ತಪ್ಪದೆ ದುಡಿಯುತ್ತಿವೆಯೇ ಎಂಬುದು ಇದರಿಂದ ಹೊರಬೀಳುತ್ತದೆ. ಶಿಕ್ಷಾಶಾಸ್ತ್ರದ ಸ್ಥಾನವಿಚಾರಕ್ಕೆ ಇಂತಹ ಉಪಯೋಗವೂ ಉಂಟೆಂದು ನನ್ನ ಗುರುಗಳು ಕೇಳಿದ್ದರೆ ಸಂತೋಷಪಡುತ್ತಿದ್ದರು. ನಡೆ, ನಿಲುವು, ಮಾತು ಮುಂತಾದ 8 ಅಂಶಗಳಿಗೆ 40ರವರೆಗೆ ಅಂಕ ಕೊಡುವ ಒಂದು ಪದ್ಧತಿಯೂ 2006ರಿಂದ ಬಳಕೆಯಲ್ಲಿದೆ. ಇಲ್ಲಿ ಅಂಕ ಹೆಚ್ಚಿದಷ್ಟೂ ಸ್ಥಿತಿ ಕೆಟ್ಟದ್ದು.

ಇಷ್ಟಾದ ಮೇಲೆ ರಕ್ತಪರೀಕ್ಷೆ. ನನ್ನ ಅಭಿಪ್ರಾಯದಲ್ಲಿ ಗೃಹಸ್ಥರು ಮನಸ್ಸಿಟ್ಟು ತಿಳಿಯಬೇಕಾದ ಭಾಗವಿದು, ಏಕೆಂದರೆ ವಾಸಿಮಾಡಬಹುದಾದ ಕಾರಣಗಳು ಇಲ್ಲಿಯೇ ಸಿಕ್ಕುತ್ತವೆ. ಬಿ-12 ಜೀವಸತ್ತ್ವದ ಕೊರತೆ (ಶುದ್ಧ ಶಾಕಾಹಾರಿಗಳ ಮನೆಗಳಲ್ಲಿ ಇದು ಅಪರೂಪವಲ್ಲ), ಇ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ದೇಹದಲ್ಲಿ ತಾಮ್ರ ಶೇಖರವಾಗುವ ರೋಗ, ಬಹುಕಾಲದ ಮದ್ಯಪಾನ, ಇವೆಲ್ಲವೂ ನಡೆಯನ್ನು ಕೆಡಿಸಬಲ್ಲವು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಯ ಪ್ರಮಾಣ ರಕ್ತದಲ್ಲಿ ಮಿತಿಮೀರಿದರೂ ಹೀಗಾಗುವುದು. ಆದುದರಿಂದ ನುಂಗುವ ಮಾತ್ರೆಗಳನ್ನೆಲ್ಲ, ನಾಟಿ ಔಷಧವನ್ನೂ ಬಿಡದೆ, ವೈದ್ಯರ ಮುಂದೆ ಇಡತಕ್ಕದ್ದು. ಹಾಗೆಂದು ಮೂರ್ಛೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಎಂ.ಆರ್.ಐ. ಚಿತ್ರದಲ್ಲಿ ಗಡ್ಡೆಯೋ ರಕ್ತಸ್ರಾವವೋ ಕಿರುಮಿದುಳಿನ ಸೊರಗುವಿಕೆಯೋ ಕಾಣಬಹುದು. ಆರಂಭದಲ್ಲಿ ಚಿತ್ರವು ಸರಿಯಾಗಿಯೇ ಇರುವುದೂ ಉಂಟು. ಅದನ್ನು ನಂಬಿ ರೋಗವೇ ಇಲ್ಲವೆನ್ನಲಾಗದು.

ಕಾರಣ ಸಿಕ್ಕದೆ ಹೋದರೆ, ಅಥವಾ ತಾಯಿ ತಂದೆಗಳಲ್ಲಿ ಇದೇ ನಡೆಯಿದ್ದರೆ, ವಂಶವಾಹಿಯ ಪರೀಕ್ಷೆ. 1974ರಲ್ಲಿ ಮೈಸೂರು ಸರ್ಕಾರದ ಹಿಂದಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ಆದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ಏರ್ಪಾಡಿದೆ. ಇಲ್ಲಿ ಹುಡುಕುವುದು ಬಹುಪಾಲು ಒಂದು ಬಗೆಯ ಆಮ್ರೇಡಿತವನ್ನು: ಲಿಪಿಕಾರನು ಮೈಮರೆತು ಒಂದೇ ಪದವನ್ನು ಮತ್ತೆ ಮತ್ತೆ ಬರೆದಂತೆ, ವಂಶವಾಹಿಯಲ್ಲಿ ಮೂರಕ್ಷರದ ಗುಂಪೊಂದು ಮಿತಿಮೀರಿ ಆವೃತ್ತಿಯಾಗಿರುತ್ತದೆ. ಹೈಡಲ್‌ಬರ್ಗಿನ ಫ್ರೀಡ್ರೈಖ್ 1863ರಲ್ಲಿ ವರ್ಣಿಸಿದ ರೋಗಕ್ಕೆ ಇದೇ ಮೂಲವೆಂದು 1996ರಲ್ಲಿ ತಿಳಿದುಬಂತು. ಆ ರೋಗಿಗಳಲ್ಲಿ ಬಹುಮಂದಿಗೆ ಆವೃತ್ತಿಯು ನೂರಾರು. ಕೆಲವರಲ್ಲಿ 1000ವನ್ನೂ ಮೀರುವುದು.

ಪ್ರಬಲ ಬಗೆಯದಾದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ 2ರಲ್ಲಿ 1. ಗುಪ್ತ ಬಗೆಯದಾದರೆ ತಾಯಿ ತಂದೆಗಳಿಬ್ಬರೂ ತಮಗೆ ರೋಗವಿಲ್ಲದೆಯೇ ಅದನ್ನು ಹೊತ್ತಿರುವಾಗ 4ರಲ್ಲಿ 1. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ವಾಡಿಕೆಯು ಅಂತಹ ಇಬ್ಬರನ್ನು ಒಂದುಗೂಡಿಸುವ ಸಂಭವವನ್ನು ಹೆಚ್ಚಿಸುತ್ತದೆಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ಆದರೆ ಮಗಳ ಮದುವೆ ಕೆಡುವುದೆಂದು ಅಜ್ಜನ ನಡೆಯನ್ನು ವೈದ್ಯರಿಂದ ಮರೆಮಾಚುವ ಮನೆಗಳಿವೆ. ಒಂದು ತಲೆಮಾರಿನ ಸುದ್ದಿ ಮುಚ್ಚಿಹೋದರೆ ವೈದ್ಯರು ವರ್ಷಗಟ್ಟಲೆ ಬೇರೆ ದಾರಿಯಲ್ಲಿ ಹುಡುಕುವರು. ಹಾಗೆಯೇ, ಮುಂದೆ ವಯಸ್ಸಾದ ಮೇಲೆ ಬರಬಹುದಾದ ಈ ರೋಗಕ್ಕಾಗಿ, ಲಕ್ಷಣವೇನೂ ಇಲ್ಲದ ಬಾಲಕರನ್ನು ಪರೀಕ್ಷಿಸಕೂಡದೆಂಬುದು ವೈದ್ಯರ ನಿಯಮ. ತಿಳಿಯಬೇಕೋ ಬೇಡವೋ ಎಂಬುದನ್ನು ಅವರು ಪ್ರಾಪ್ತವಯಸ್ಕರಾದ ಮೇಲೆ, ಸಲಹೆಗಾರರೊಡನೆ ಮಾತನಾಡಿ, ತಾವೇ ನಿರ್ಧರಿಸುವರು.

ಖರ್ಚುಮಾಡುವ ಮುನ್ನ ಕೇಳತಕ್ಕ ಪ್ರಶ್ನೆ ಒಂದುಂಟು. ಎಲ್ಲ ವಂಶವಾಹಿಗಳನ್ನೂ ಓದುವೆವೆನ್ನುವ ದುಬಾರಿ ಎಕ್ಸೋಮ್ ಪರೀಕ್ಷೆಯು ಈ ಆವೃತ್ತಿಗಳನ್ನು ಸಾಮಾನ್ಯವಾಗಿ ಎಣಿಸಲಾರದು. ಅದರಲ್ಲಿ ‘ದೋಷವಿಲ್ಲ’ವೆಂದು ಬಂದ ಮಾತ್ರಕ್ಕೆ ಸಮಾಧಾನಪಡದೆ, ಮೂರಕ್ಷರದ ಆವೃತ್ತಿಯನ್ನು ಪ್ರತ್ಯೇಕವಾಗಿ ನೋಡಲಾಯಿತೇ ಎಂದು ವಿಚಾರಿಸತಕ್ಕದ್ದು.