ಗುಂಡು ತಗುಲಿದ ಪ್ರಾಣಿ ಎಗರಿ ಬೀಳುತ್ತದೆಯೇ? ಮ್ಯಾಗ್ನಮ್ ರಿವಾಲ್ವರ್‌ನ ನಿಜವಾದ ಲೆಕ್ಕ

ಅಮೆರಿಕದ ಶಿಕಾರಿ ವಿಡಿಯೊಗಳು ಈಗ ನಮ್ಮ ಫ್ಯಾಮಿಲಿ ಗ್ರೂಪುಗಳಿಗೂ ಬರುತ್ತವೆ. ಕೈಯಲ್ಲಿ ಉದ್ದ ನಳಿಗೆಯ ರಿವಾಲ್ವರ್, ಕಿವಿ ಗಡಚಿಕ್ಕುವ ಸದ್ದು, ಬೀಳುವ ಜಿಂಕೆ ಅಥವಾ ಕಾಡುಹಂದಿ. ಕೆಳಗೆ ಯಾರೋ ಅಂಟಿಸಿದ ಸಾಲು: ‘ಮ್ಯಾಗ್ನಮ್ ಗುಂಡು ಎಲ್ಲಿ ತಗುಲಿದರೂ ಸಾಕು, ಆನೆಯೂ ಹತ್ತಡಿ ಹಿಂದಕ್ಕೆ ಹಾರುತ್ತದೆ.’ ಇದರಲ್ಲಿ ಎರಡು ಮಾತುಗಳಿವೆ. ಹಿಂದಕ್ಕೆ ಹಾರುತ್ತದೆ ಎನ್ನುವುದು ಒಂದು, ಎಲ್ಲಿ ತಗುಲಿದರೂ ಸಾಕು ಎನ್ನುವುದು ಇನ್ನೊಂದು. ಎರಡೂ ತಪ್ಪು. ಆದರೆ ಎರಡನೆಯದು ಹೆಚ್ಚು ಅಪಾಯಕಾರಿ.

ಮೊದಲು ಹೆಸರಿನ ಬಗ್ಗೆ ಸ್ವಲ್ಪ. ‘ಮ್ಯಾಗ್ನಮ್’ ಒಂದು ಕಂಪನಿಯೂ ಅಲ್ಲ, ಒಂದು ಮಾಡೆಲ್ಲೂ ಅಲ್ಲ. ಸಾಮಾನ್ಯ ತೋಟಾಕ್ಕಿಂತ ಹೆಚ್ಚು ಬಲದ ತೋಟಾಗಳಿಗೆ ತಯಾರಕರು ಇಟ್ಟ ಹೆಸರು. .357 ಮ್ಯಾಗ್ನಮ್ 1935ರಲ್ಲಿ ಬಂತು. ಎಲ್ಮರ್ ಕೀತ್ ಎಂಬ ಜಾನುವಾರು ಸಾಕಣೆದಾರ, ಬೇಟೆ ಬರಹಗಾರ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1955ರ ಕೊನೆಗೆ .44 ಮ್ಯಾಗ್ನಮ್ ಹೊರಬಂತು. ಅದನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಮಾತ್ರ ಬೇಟೆಯಲ್ಲ, 1971ರ ‘ಡರ್ಟಿ ಹ್ಯಾರಿ’ ಸಿನಿಮಾ. ಆಮೇಲೆ ಅದಕ್ಕಿಂತ ದೊಡ್ಡವೂ ಬಂದವು, 2003ರಲ್ಲಿ ಬಂದ.500 ಮ್ಯಾಗ್ನಮ್‌ನ ಉದ್ದ ನಳಿಗೆಯ ರಿವಾಲ್ವರ್ ಸುಮಾರು 2 ಕಿಲೊ ತೂಗುತ್ತದೆ.

ಕ್ರಿಕೆಟ್ ಚೆಂಡಿನಷ್ಟೇ ತಳ್ಳುವ ಬಲ

.44 ಮ್ಯಾಗ್ನಮ್‌ನ ಸಾಮಾನ್ಯ ಗುಂಡು 240 ಗ್ರೇನ್, ಅಂದರೆ ಸುಮಾರು 15.5 ಗ್ರಾಂ. ಉದ್ದ ನಳಿಗೆಯಿಂದ ಹೊರಟಾಗ ಅದರ ವೇಗ ಸೆಕೆಂಡಿಗೆ 410 ಮೀಟರ್‌ನ ಆಸುಪಾಸು. ಒಂದು ವಸ್ತು ಇನ್ನೊಂದನ್ನು ಎಷ್ಟು ತಳ್ಳಬಲ್ಲದು ಎಂದು ಹೇಳುವುದು ಸಂವೇಗ: ತೂಕವನ್ನು ವೇಗದಿಂದ ಗುಣಿಸಿದರೆ ಆಯಿತು. ಇಲ್ಲಿ ಉತ್ತರ ಸುಮಾರು 6.4.

ಈಗ ವೇಗದ ಬೌಲರ್ ಒಬ್ಬರು ಗಂಟೆಗೆ 140 ಕಿ.ಮೀ. ವೇಗದಲ್ಲಿ ಎಸೆದ ಚೆಂಡನ್ನು ತೆಗೆದುಕೊಳ್ಳಿ. ತೂಕ 160 ಗ್ರಾಂ, ವೇಗ ಸೆಕೆಂಡಿಗೆ 39 ಮೀಟರ್. ಗುಣಿಸಿದರೆ 6.2. ಹೆಚ್ಚುಕಡಿಮೆ ಅಷ್ಟೇ! ಚೆಂಡು ಪಕ್ಕೆಗೆ ಬಡಿದಾಗ ಬ್ಯಾಟ್ಸ್‌ಮನ್ ನೋವಿನಿಂದ ಬಗ್ಗುತ್ತಾನೆ, ವಿಕೆಟ್ ಕೀಪರ್ ಹತ್ತಿರಕ್ಕೆ ಹಾರಿ ಹೋಗುವುದಿಲ್ಲ. 65 ಕಿಲೊ ತೂಕದ ಜಿಂಕೆಗೆ ಈ ಗುಂಡು ತಗುಲಿ ಒಳಗೇ ಉಳಿದರೂ ಅದಕ್ಕೆ ಸಿಗುವ ವೇಗ ಸೆಕೆಂಡಿಗೆ 10 ಸೆಂ.ಮೀ. 4,000 ಕಿಲೊ ಆನೆಗಾದರೆ 2 ಮಿಲಿಮೀಟರೂ ಇಲ್ಲ.

ನ್ಯೂಟನ್ನನ ಮೂರನೇ ನಿಯಮ ನೆನಪಿದ್ದರೆ ಈ ಲೆಕ್ಕವೂ ಬೇಡ. ಗುಂಡು ಮುಂದಕ್ಕೆ ಎಷ್ಟು ತಳ್ಳುತ್ತದೋ ರಿವಾಲ್ವರ್ ಹಿಂದಕ್ಕೆ ಕನಿಷ್ಠ ಅಷ್ಟೇ ತಳ್ಳುತ್ತದೆ. ಎದುರಿನವನು ಹತ್ತಡಿ ಹಾರುವುದಾದರೆ ಹೊಡೆದವನೂ ಹಾರಬೇಕು. ಸಿನಿಮಾದಲ್ಲಿ ಹಾರಿಸುವುದು ಸೊಂಟಕ್ಕೆ ಕಟ್ಟಿದ ಹಗ್ಗ.

ಹಾಗಾದರೆ ಚೆಂಡಿಗೂ ಗುಂಡಿಗೂ ವ್ಯತ್ಯಾಸವೇನು? ಗುಂಡಿನ ಚಲನಶಕ್ತಿ ಚೆಂಡಿಗಿಂತ ಸುಮಾರು ಹತ್ತು ಪಟ್ಟು, ಅದೂ ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಅಗಲದ ಜಾಗದಲ್ಲಿ. ಅದು ತಳ್ಳುವುದಿಲ್ಲ, ತೂತು ಕೊರೆಯುತ್ತದೆ. ಬೇಟೆಗಾರರ ಚರ್ಚೆಯೆಲ್ಲ ಆ ತೂತು ಎಷ್ಟು ಆಳಕ್ಕೆ, ಎಲ್ಲಿಗೆ ಹೋಗುತ್ತದೆ ಎನ್ನುವುದರ ಸುತ್ತಲೇ.

ಭಾರದ ಗುಂಡು ಯಾಕೆ?

ರೈಫಲ್ ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ದಾಟುವುದು ಸಾಮಾನ್ಯ. ಆ ವೇಗದಲ್ಲಿ ಗುಂಡಿನ ಸುತ್ತಲಿನ ಮಾಂಸ ಕ್ಷಣಕಾಲ ಬಲೂನಿನಂತೆ ಹಿಗ್ಗಿ ಹರಿಯಬಹುದು. ರಿವಾಲ್ವರ್ ವೇಗದಲ್ಲಿ ಹಿಗ್ಗಿದ ಮಾಂಸ ಬಹುಪಾಲು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಉಳಿಯುವುದು ಗುಂಡು ನೇರವಾಗಿ ಕೊರೆದ ದಾರಿ ಮಾತ್ರ. ಅಮೆರಿಕದ ಸೇನಾ ವೈದ್ಯ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ 4 ಡಿಗ್ರಿಗೆ ತಣಿಸಿದ ಜೆಲಟಿನ್ ಗಟ್ಟಿಗಳಿಗೆ ಗುಂಡು ಹೊಡೆದು ಈ ಎರಡು ಬಗೆಯ ಹಾನಿಯನ್ನು ಬೇರೆ ಬೇರೆಯಾಗಿ ತೋರಿಸಿದರು. ರಿವಾಲ್ವರ್ ಬೇಟೆಗಾರರು ವೇಗದ ಬೆನ್ನು ಬಿಟ್ಟು ತೂಕದ ಹಿಂದೆ ಹೋಗಲು ಕಾರಣ ಇದೇ.

ಗಟ್ಟಿ ನೆಲದಲ್ಲಿ ಗುಂಡಿ ತೋಡುವ ಹಾರೆಯನ್ನು ನೆನೆಯಿರಿ. ತುದಿ ಒಂದೇ ದಪ್ಪವಿದ್ದರೂ ಗಿಡ್ಡ ಹಾರೆಗಿಂತ ಉದ್ದದ, ಭಾರದ ಹಾರೆ ಆಳಕ್ಕೆ ಇಳಿಯುತ್ತದೆ. ಗುಂಡಿನಲ್ಲೂ ಹಾಗೆಯೇ. .44ರಲ್ಲಿ 180 ಗ್ರೇನ್ ಗುಂಡನ್ನು ಸೆಕೆಂಡಿಗೆ 490 ಮೀಟರ್ ವೇಗದಲ್ಲಿ ಹೊಡೆದರೆ ಶಕ್ತಿ ಸುಮಾರು 1,400 ಜೂಲ್, ಸಂವೇಗ 5.7. 300 ಗ್ರೇನ್ ಗುಂಡು 365 ಮೀಟರ್ ವೇಗದಲ್ಲಿ ಹೋದರೆ ಶಕ್ತಿ 1,290 ಜೂಲ್, ಸಂವೇಗ 7.1. ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸುವ ಶಕ್ತಿಯ ಅಂಕಿ ನೋಡಿದರೆ ಹಗುರದ್ದೇ ಗೆದ್ದಂತೆ. ಆದರೆ ತುದಿ ಅರಳುವಂತೆ ಮಾಡಿದ ಹಗುರ ಗುಂಡು ದಪ್ಪ ಚರ್ಮ, ಭುಜದ ಮೂಳೆ ಎದುರಾದಾಗ ಅರಳಿ ಅಲ್ಲೇ ನಿಂತುಬಿಡಬಹುದು. ತವರ, ಆಂಟಿಮನಿ ಬೆರೆಸಿ ಗಟ್ಟಿಗೊಳಿಸಿದ ಸೀಸದ, ಚಪ್ಪಟೆ ಮೂತಿಯ ಭಾರದ ಗುಂಡು ಆಕಾರ ಕೆಡದೆ ಹೃದಯ, ಶ್ವಾಸಕೋಶದವರೆಗೆ ಹೋಗಿ ಎಷ್ಟೋ ಸಲ ಆಚೆ ಬದಿಗೂ ಹೊರಬರುತ್ತದೆ. ಇದು ದೊಡ್ಡ ಹಂದಿ, ಕರಡಿ, ಎಲ್ಕ್‌ಗಳ ಮಾತು. ಸಣ್ಣ ಜಿಂಕೆಗೆ ಅಷ್ಟು ಭಾರ ಬೇಕಿಲ್ಲ ಎನ್ನುವವರೂ ಬಹಳ ಮಂದಿ.

ಫಾರ್ವರ್ಡ್‌ಗಳಲ್ಲಿ ಕಾಣುವ ‘ನಾಕ್‌ಡೌನ್ ಪವರ್’ ಅಂಕಗಳ ಮೂಲ ಜಾನ್ ಟೇಲರ್ ಎಂಬ ಆಫ್ರಿಕಾದ ದಂತ ಬೇಟೆಗಾರ. ಆನೆಯ ತಲೆಗೆ ಹೊಡೆದ ಗುಂಡು ಮಿದುಳನ್ನು ತಪ್ಪಿಸಿಕೊಂಡರೂ ಅದನ್ನು ಎಷ್ಟು ಮಂಕು ಹಿಡಿಸುತ್ತದೆ ಎಂದು ಹೋಲಿಸಲು ತೂಕ, ವೇಗ, ದಪ್ಪ ಮೂರನ್ನೂ ಗುಣಿಸಿ ಮಾಡಿದ ಅಂದಾಜು ಅದು. ಭೌತಶಾಸ್ತ್ರದ ಯಾವ ಅಳತೆಯೂ ಅಲ್ಲ. ನಿಜಕ್ಕೂ ‘ಬೀಳಿಸುವ’ ಆಟ ಒಂದಿದೆ: ಮೆಕ್ಸಿಕೊದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಸಿಲೂಯೆಟ್ ಶೂಟಿಂಗ್. 200 ಮೀಟರ್ ದೂರದ ಉಕ್ಕಿನ ಟಗರನ್ನು ಉರುಳಿಸಬೇಕು. ಅಲ್ಲಿ ಸಂವೇಗವೇ ಸರ್ವಸ್ವ, ಯಾಕೆಂದರೆ ಗುಂಡು ಉಕ್ಕಿನೊಳಕ್ಕೆ ಹೋಗುವುದಿಲ್ಲ.

ಒಂದು ಮಿಲಿಮೀಟರ್‌ನ ಬೆಲೆ

ಭಾರದ ಗುಂಡಿನಿಂದ ಕೆಲಸ ಮುಗಿಯಲಿಲ್ಲ. ರಿವಾಲ್ವರ್‌ನಲ್ಲಿ ಗುರಿ ನೋಡುವ ಹಿಂದಿನ ಗೂಟಕ್ಕೂ ಮುಂದಿನದಕ್ಕೂ ಅಂತರ 25 ಸೆಂ.ಮೀ. ಎಂದುಕೊಳ್ಳಿ. ಅವೆರಡೂ ಒಂದು ಮಿಲಿಮೀಟರ್ ಸಾಲು ತಪ್ಪಿದರೆ 50 ಮೀಟರ್ ದೂರದಲ್ಲಿ ಗುಂಡು 20 ಸೆಂ.ಮೀ. ಆಚೀಚೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗದ ಒಟ್ಟು ಅಗಲವೇ ಹೆಚ್ಚುಕಡಿಮೆ ಅಷ್ಟು. ಇಷ್ಟಾದರೆ ಗುಂಡು ಹೊಟ್ಟೆಗೆ ಬಿತ್ತು.

ಇದು ಕೈಯ ತಪ್ಪಾಯಿತು. ರಿವಾಲ್ವರ್‌ಗೆ ತನ್ನದೇ ಒಂದು ತೊಂದರೆಯೂ ಇದೆ. ರೈಫಲ್‌ನಲ್ಲಿ ತೋಟಾ ಕೂರುವ ಕೋಣೆ ಒಂದೇ, ಅದು ನಳಿಗೆಗೆ ಅಂಟಿಕೊಂಡೇ ಇರುತ್ತದೆ. ರಿವಾಲ್ವರ್‌ನಲ್ಲಿ ಐದೋ ಆರೋ ಕೋಣೆಗಳು, ತಿರುಗುತ್ತ ಒಂದೊಂದಾಗಿ ನಳಿಗೆಯ ಎದುರು ಬಂದು ನಿಲ್ಲಬೇಕು. ಒಂದು ಕೋಣೆ ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಗುಂಡು ನಳಿಗೆಯ ಬಾಯಿಗೆ ಉಜ್ಜಿ, ಒಂದು ಬದಿ ಸವೆದು ಒಳಹೋಗುತ್ತದೆ. ಬೇಟೆಯ ರಿವಾಲ್ವರ್‌ಗಳಲ್ಲಿ ಕೆಲವು ಇಷ್ಟು ದುಬಾರಿಯಾಗಲು ಆ ಜೋಡಣೆಯ ನಿಖರತೆಯೇ ಮುಖ್ಯ ಕಾರಣ, ಬಲವಲ್ಲ. ಇನ್ನೊಂದು ವಿಚಿತ್ರ: ಭಾರದ, ನಿಧಾನದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ. ಅಷ್ಟರಲ್ಲಿ ಒದೆತಕ್ಕೆ ಮೂತಿ ಮೇಲೇಳುವುದರಿಂದ ಹತ್ತಿರದ ದೂರದಲ್ಲಿ ಅದು ಹಗುರ ಗುಂಡಿಗಿಂತ ಮೇಲೆ ತಗುಲುತ್ತದೆ. ತೋಟಾ ಬದಲಿಸಿದವರು ಗುರಿಯನ್ನೂ ಹೊಸದಾಗಿ ಹೊಂದಿಸಬೇಕು.

ಒದೆತದ ವಿಷಯ ಬಂದಾಗ ವಿಡಿಯೊಗಳು ನಗಿಸುತ್ತವೆ, ನಿಜ. 1.35 ಕಿಲೊ ತೂಕದ .44 ರಿವಾಲ್ವರ್ ಗಂಟೆಗೆ 17 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ. ಎರಡು ಸಲ ತಿಂದ ಕೈ ಮೂರನೇ ಸಲ ಕುದುರೆ ಒತ್ತುವ ಮೊದಲೇ ಬೆಚ್ಚುತ್ತದೆ, ಗುರಿ ತಪ್ಪುತ್ತದೆ. ಹೀಗಾಗಿ ಪಳಗದ ಕೈಯಲ್ಲಿ .500ಕ್ಕಿಂತ ನೇರವಾಗಿ ಹೊಡೆಯಬಲ್ಲ ಚಿಕ್ಕ ಮ್ಯಾಗ್ನಮ್ಮೇ ಮೇಲು. ಅನುಭವಿಗಳು ಜಿಂಕೆ ಹತ್ತಿರ ಬರುವವರೆಗೆ ಕಾಯುತ್ತಾರೆ, ಬರದಿದ್ದರೆ ಹೊಡೆಯದೆ ಬಿಡುತ್ತಾರೆ. ಆ ಭಾಗ ಯಾವ ಕ್ಲಿಪ್ಪಿನಲ್ಲೂ ಇರುವುದಿಲ್ಲ.

‘ಎಲ್ಲಿ ತಗುಲಿದರೂ ಸಾಕು’

ಹೃದಯಕ್ಕೇ ಗುಂಡು ಬಿದ್ದ ಜಿಂಕೆಯೂ ಹತ್ತಾರು ಮೀಟರ್ ಓಡಬಲ್ಲದು. ರಕ್ತ ನಿಂತ ಮೇಲೂ ಮಿದುಳಿಗೆ ಕೆಲವು ಸೆಕೆಂಡುಗಳ ಆಮ್ಲಜನಕ ಉಳಿದಿರುತ್ತದೆ. ನಿಂತಲ್ಲೇ ಕುಸಿಯುವುದು ಸಾಮಾನ್ಯವಾಗಿ ಮಿದುಳು ಅಥವಾ ಬೆನ್ನುಹುರಿಗೆ ತಗುಲಿದಾಗ. ಹೊಟ್ಟೆಗೋ ಕಾಲಿಗೋ ಬಿದ್ದ ಈಡು, ಅದು ಯಾವ ಮ್ಯಾಗ್ನಮ್ಮೇ ಇರಲಿ, ಪ್ರಾಣಿಯನ್ನು ಗಂಟೆಗಟ್ಟಲೆ, ದಿನಗಟ್ಟಲೆ ನರಳಿಸುತ್ತದೆ.

ಅರೆಬರೆ ಗಾಯದ ಪರಿಣಾಮ ಏನೆಂದು ಹಳೆಯ ಶಿಕಾರಿ ಕತೆಗಳನ್ನು ಓದಿದವರಿಗೆ ಹೇಳಬೇಕಿಲ್ಲ. 436 ಜನರನ್ನು ಕೊಂದಿತೆನ್ನಲಾದ ಚಂಪಾವತ್ ಹೆಣ್ಣುಹುಲಿಯನ್ನು 1907ರಲ್ಲಿ ಜಿಮ್ ಕಾರ್ಬೆಟ್ ಹೊಡೆದಾಗ ಅದರ ಬಲಬದಿಯ ಕೋರೆಹಲ್ಲುಗಳು ಮುರಿದಿದ್ದವು. ಯಾರೋ ಹಿಂದೆ ಹೊಡೆದ ಗುಂಡಿನ ಗಾಯ ಅದು, ಅದರಿಂದಲೇ ಹುಲಿ ಸಹಜ ಬೇಟೆ ಬಿಟ್ಟಿತು ಎಂದು ಕಾರ್ಬೆಟ್ ಬರೆದಿದ್ದಾರೆ. ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರ್ ರೈಫಲ್‌ನ ಗುಂಡೂ 300 ಗ್ರೇನಿನದೇ, ಆದರೆ ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಅಂಥ ಕೋವಿ ಹಿಡಿದವರೂ ಗಾಯಗೊಂಡ ಪ್ರಾಣಿಯ ಜಾಡು ಹಿಡಿದು ಪೊದೆಗೆ ನುಗ್ಗಲು ಹೆದರುತ್ತಿದ್ದರು.

ಈ ವಿಡಿಯೊಗಳ ಜೊತೆ ‘ನಮ್ಮ ತೋಟದ ಹಂದಿಗೂ ಇದೇ ಮದ್ದು’ ಎಂಬ ಸಾಲು ಕಂಡರೆ ಒಂದು ವಿಷಯ ಗೊತ್ತಿರಲಿ. ವಿಡಿಯೊದಲ್ಲಿರುವವರಿಗೆ ಅವರ ರಾಜ್ಯ ಬೇಟೆ ಪರವಾನಗಿ ಕೊಟ್ಟಿರುತ್ತದೆ, ಯಾವ ಆಯುಧ, ಯಾವ ತಿಂಗಳು ಎಂಬುದೂ ಅದರಲ್ಲಿ ನಿಗದಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಕಾಡುಪ್ರಾಣಿಗಳ ಬೇಟೆ ಅಪರಾಧ. ಆತ್ಮರಕ್ಷಣೆಗೋ ಬೆಳೆ ರಕ್ಷಣೆಗೋ ಪಡೆದ ಕೋವಿ ಲೈಸೆನ್ಸ್ ಶಿಕಾರಿಯ ಅನುಮತಿಯಲ್ಲ. ಬೆಳೆ ಹಾಳಾದರೆ ಪರಿಹಾರಕ್ಕೆ ಅರ್ಜಿ ಕೊಡುವುದು ಅರಣ್ಯ ಇಲಾಖೆಯ ವಲಯ ಕಚೇರಿಗೆ.