ದುಬೈಯಲ್ಲಿ ನಾವು ನೋಡದೆ ಬಂದ ಮನೆ



ನೀವು ದುಬೈಗೆ ಹೋಗಿ ಬಂದಿರಬಹುದು. ನೀವು ಹೋಗದಿದ್ದರೆ ನಿಮ್ಮ ನಾದಿನಿಯೋ ಪಕ್ಕದ ಮನೆಯಾಕೆಯೋ ಹೋಗಿ ಬಂದಿರುತ್ತಾರೆ. ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಿಗೆ ದುಬೈ ಪರದೇಶ ಎಂದು ಅನಿಸುವುದೇ ಇಲ್ಲ. ಗಂಡನೋ ಮಗನೋ ವಿಸಿಟ್ ವೀಸಾ ಕಳುಹಿಸುತ್ತಾನೆ. ಮಕ್ಕಳ ರಜೆಗೆ ಸರಿಯಾಗಿ ಟಿಕೆಟ್ ಆಗುತ್ತದೆ. ಒಂದು ತಿಂಗಳು ಇದ್ದು ಬರುತ್ತೇವೆ. ಬಂದ ಮೇಲೆ ನೆಂಟರ ಪ್ರಶ್ನೆ ಒಂದೇ: "ಏನೆಲ್ಲ ನೋಡಿದಿರಿ?" ನಮ್ಮ ಉತ್ತರವೂ ಹೆಚ್ಚುಕಡಿಮೆ ಒಂದೇ. ಬುರ್ಜ್ ಖಲೀಫಾ, ದೊಡ್ಡ ಮಾಲ್, ಕುಣಿಯುವ ಕಾರಂಜಿ, ಚಿನ್ನದ ಮಾರುಕಟ್ಟೆ, ಮರುಭೂಮಿಯ ಸಫಾರಿ. ಆಮೇಲೆ ಸೂಟ್‌ಕೇಸ್ ಬಿಚ್ಚುವ ಸಂಭ್ರಮ.

ನಾನೂ ಎರಡು ಸಲ ಹೀಗೆಯೇ ಹೋಗಿ ಬಂದವಳು. ಮೂರನೆಯ ಸಲ ಮಗಳು ಹಠ ಹಿಡಿದಳು. "ಅಂಗಡಿ ನೋಡಿದ್ದು ಸಾಕು ಉಮ್ಮಾ, ಈ ಊರು ಮೊದಲು ಹೇಗಿತ್ತು ಅಂತ ನೋಡುವಾ" ಎಂದಳು. ಮ್ಯೂಸಿಯಂನಲ್ಲಿ ಏನಿರುತ್ತದೆ, ಹಳೆಯ ಮಡಕೆ, ತುಕ್ಕು ಹಿಡಿದ ಕತ್ತಿ ಎಂದು ನಾನು ಗೊಣಗಿದೆ. ಆದರೂ ಹೊರಟೆ. ಹಾಗೆ ಹೊರಟದ್ದು ಒಳ್ಳೆಯದಾಯಿತು ಎಂದು ಹೇಳಲಿಕ್ಕೇ ಈ ತಿಂಗಳ ಅಂಕಣ.

ದೇರಾ ಕಡೆಯಿಂದ ಅಬ್ರಾ ಎಂಬ ಮರದ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಆಚೆಯ ದಡವಾದ ಬರ್‌ದುಬೈ ಸಿಗುತ್ತದೆ. ನಡುವೆ ಇರುವುದು ಖೋರ್ ದುಬೈ. ಸಮುದ್ರದ ಉಪ್ಪುನೀರು ನೆಲದೊಳಕ್ಕೆ ಉದ್ದಕ್ಕೂ ಚಾಚಿಕೊಂಡ ಹಿನ್ನೀರು ಅದು. ಈಗಿನ ಮಹಾನಗರ ಹುಟ್ಟಿದ್ದು ಈ ನೀರಿನ ಎರಡು ದಡಗಳಲ್ಲಿ. ಅದರ ಬಾಯಿಯ ಬಳಿ ಶಿಂದಗ ಎಂಬ ಹಳೆಯ ಬಡಾವಣೆಯಿದೆ. ಆಳುವ ಮನೆತನದವರು ವಾಸವಾಗಿದ್ದ ಜಾಗ. 1896ರಲ್ಲಿ ಕಟ್ಟಿದ ಶೇಖ್ ಸಯೀದರ ಮನೆ ಈಗಲೂ ಅಲ್ಲಿದೆ. ಸುತ್ತಲಿನ ಹಳೆಯ ಮನೆಗಳನ್ನು ದುರಸ್ತಿ ಮಾಡಿ, ಒಂದೊಂದು ಮನೆಯಲ್ಲಿ ಒಂದೊಂದು ವಿಷಯವನ್ನು ಜೋಡಿಸಿ ಅಲ್ ಶಿಂದಗ ಮ್ಯೂಸಿಯಂ ಮಾಡಿದ್ದಾರೆ. ಒಂದು ಮನೆಯಲ್ಲಿ ಊರು ಹುಟ್ಟಿದ ಕತೆ, ಇನ್ನೊಂದರಲ್ಲಿ ಸಮುದ್ರದ ಬದುಕು, ಮತ್ತೊಂದರಲ್ಲಿ ಅತ್ತರು ಮತ್ತು ಊದ್. ಅತ್ತರಿನ ಮನೆಯಲ್ಲಿ ಹಿಂದೆ ವಾಸವಿದ್ದವರೂ ಸುಗಂಧ ತಯಾರಿಕೆಯಲ್ಲಿ ನುರಿತ ಒಬ್ಬ ಮಹಿಳೆಯೇ.

ಟಿಕೆಟ್ ಕೊಡುವ ಹುಡುಗಿ ಯಾವ ದೇಶ ಎಂದು ಕೇಳಿದಳು. ಇಂಡಿಯಾ ಎಂದೆ. ಪರದೇಶದ ಪ್ರವಾಸಿಗಳ ಲೆಕ್ಕಕ್ಕೆ ನಾವೂ ಸೇರಿದೆವು. ಆದರೆ ಒಳಗೆ ಹೋದ ಮೇಲೆ ನೋಡುತ್ತೇನೆ, ಎಲ್ಲ ಕಡೆಯೂ ನಮ್ಮ ನಾಡೇ!

ಅಲ್ಲಿನ ಹಡಗುಗಳಿಗೆ ಬಳಸಿದ ಸಾಗುವಾನಿ ನಮ್ಮ ಮಲಬಾರ್ ಕರಾವಳಿಯದು. ಹಗ್ಗದ ತೆಂಗಿನ ನಾರು ಈ ಕಡೆಯದು. ಅವರು ಉಣ್ಣುತ್ತಿದ್ದ ಅಕ್ಕಿ, ಉಡುತ್ತಿದ್ದ ಬಟ್ಟೆ, ಹಾಕುತ್ತಿದ್ದ ಮಸಾಲೆ ನಮ್ಮ ಬಂದರುಗಳಿಂದ ಹೋದದ್ದು. 1909ರಲ್ಲಿ ದುಬೈಯಲ್ಲಿ ಅಂಚೆ ಕಚೇರಿ ತೆರೆದದ್ದು ಭಾರತದ ಅಂಚೆ ಇಲಾಖೆ. ಅಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕೇ ಕೊಲ್ಲಿ ನಾಡುಗಳಿಗಾಗಿ ಬೇರೆ ಬಣ್ಣದ ರೂಪಾಯಿ ನೋಟುಗಳನ್ನು ಅಚ್ಚು ಹಾಕಿಸಿ ಕೊಟ್ಟಿತು. 1966ರಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ಅವರು ಅದನ್ನು ಬಿಟ್ಟರು. ದಿರ್ಹಮ್ ಬಂದದ್ದು 1973ರಲ್ಲಿ. ನಾವು ಇಂದು ದಿರ್ಹಮಿಗೆ ಎಷ್ಟು ರೂಪಾಯಿ ಎಂದು ದಿನಾ ನೋಡುತ್ತೇವಲ್ಲ, ಒಂದು ಕಾಲದಲ್ಲಿ ಅಲ್ಲಿನ ಗೃಹಿಣಿ ಮೀನಿಗೆ ಕೊಡುತ್ತಿದ್ದದ್ದೂ ರೂಪಾಯಿಯನ್ನೇ.

ಮಗಳಿಗೆ ಇದೆಲ್ಲ ಸೋಜಿಗ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಸಮುದ್ರದ ಬದುಕು ಹೇಳುವ ಮನೆ.

ತೈಲ ಸಿಗುವುದಕ್ಕೆ ಮುಂಚೆ ಆ ಊರಿನ ಅನ್ನ ಮುತ್ತು. ಸೂರಃ ಅರ್ರಹ್ಮಾನ್‌ನಲ್ಲಿ ಅಲ್ಲಾಹನು ತನ್ನ ಅನುಗ್ರಹಗಳಲ್ಲಿ ಒಂದಾಗಿ ನೆನಪಿಸುವ ಅದೇ ಮುತ್ತು. ಓದುವಾಗ ನಮ್ಮ ಕಣ್ಣಿಗೆ ಬರುವುದು ಹೊಳೆಯುವ ಹಾರ. ಅದನ್ನು ತೆಗೆಯುವವರ ಪಾಡು ಬೇರೆ. ಬೇಸಿಗೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ, ಸುಮಾರು ನಾಲ್ಕು ತಿಂಗಳು ಗಂಡಸರು ದೋಣಿಯಲ್ಲೇ ಇರುತ್ತಿದ್ದರು. ಮುಳುಗುವವನು ಮೂಗಿಗೆ ಒಂದು ಚಿಕ್ಕ ಕ್ಲಿಪ್ ಸಿಕ್ಕಿಸಿಕೊಂಡು, ಕತ್ತಿಗೆ ಬುಟ್ಟಿ ನೇತುಹಾಕಿಕೊಂಡು, ಭಾರದ ಕಲ್ಲು ಕಟ್ಟಿದ ಹಗ್ಗದಲ್ಲಿ ಕಾಲಿಟ್ಟು ತಳಕ್ಕೆ ಇಳಿಯುತ್ತಿದ್ದ. ಉಸಿರು ಇದ್ದಷ್ಟು ಹೊತ್ತು, ಅಂದರೆ ಒಂದು ಒಂದೂವರೆ ನಿಮಿಷ, ಚಿಪ್ಪು ಹೆಕ್ಕಿ ಹಗ್ಗ ಅಲುಗಿಸುತ್ತಿದ್ದ. ಮೇಲಿದ್ದವನು ಎಳೆದುಕೊಳ್ಳಬೇಕು. ಎಳೆಯುವವನು ಒಂದು ಕ್ಷಣ ಮೈಮರೆತರೆ ಮುಳುಗಿದವನ ಕತೆ ಮುಗಿಯಿತು. ಹೀಗೆ ಬೆಳಗಿನಿಂದ ಸಂಜೆ ತನಕ ಹತ್ತಾರು ಸಲ. ಬೆಳಿಗ್ಗೆ ಖರ್ಜೂರ, ಕಾಫಿ. ಸೂರ್ಯ ಮುಳುಗಿದ ಮೇಲೆ ಮೀನು, ಅನ್ನ. ಕುಡಿಯುವ ನೀರಿಗೂ ಲೆಕ್ಕ. ಕಿವಿ ಕೆಡುತ್ತಿತ್ತು, ಕಣ್ಣು ಉರಿಯುತ್ತಿತ್ತು, ಉಪ್ಪಿಗೆ ಚರ್ಮ ಒಡೆಯುತ್ತಿತ್ತು.

ದೋಣಿಯ ಯಜಮಾನನಿಗೆ ನಾಖುದಾ ಎಂದು ಹೆಸರು. ನಮ್ಮ ಪಶ್ಚಿಮ ಕರಾವಳಿಗೂ ಪರಿಚಿತವಾದ ಪದ ಅದು. ಸಮುದ್ರಕ್ಕೆ ಹೊರಡುವ ಮುಂಚೆ ಮುಳುಗುವವನು ಮನೆಖರ್ಚಿಗಾಗಿ ನಾಖುದಾನಿಂದ ಮುಂಗಡ ಪಡೆಯುತ್ತಿದ್ದ. ಆ ವರ್ಷ ಮುತ್ತು ಚೆನ್ನಾಗಿ ಸಿಗದಿದ್ದರೆ ಮುಂಗಡ ಸಾಲವಾಗಿ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಸಾಲ ತೀರದೆ ತಂದೆ ಸತ್ತರೆ ಮಗ ಅದೇ ಸಾಲ ಹೊತ್ತು ದೋಣಿ ಹತ್ತಬೇಕಾಗುತ್ತಿತ್ತು. ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಬಗ್ಗೆ ಎಂದು ನಿಮಗೆ ನೆನಪಿದೆಯೇ? ಸೂರಃ ಅಲ್‌ಬಕರದ 282ನೇ ಸೂಕ್ತ ಸಾಲವನ್ನು ನ್ಯಾಯವಾಗಿ ಬರೆದಿಡುವುದರ ಬಗ್ಗೆ. ಅದಕ್ಕೆ ಸ್ವಲ್ಪ ಹಿಂದೆಯೇ, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬ ಆದೇಶವಿದೆ. ಅಕ್ಷರ ಬಾರದ ಬಡವನ ಹೆಸರಿನಲ್ಲಿ ಬೇರೆಯವರು ಲೆಕ್ಕ ಬರೆಯುವಾಗ ಏನಾಗಬಹುದು ಎಂಬುದನ್ನು ಅಲ್ಲಿ ನಿಂತು ಯೋಚಿಸಿದರೆ ಆ ಸೂಕ್ತದ ತೂಕ ಗೊತ್ತಾಗುತ್ತದೆ. ವೀಸಾಕ್ಕೆಂದು ಏಜೆಂಟನಿಗೆ ಕೊಡಲು ಸಾಲ ಮಾಡಿ, ಎರಡು ವರ್ಷ ಅದನ್ನೇ ತೀರಿಸುವ ನಮ್ಮ ಹುಡುಗರೂ ಕಣ್ಣ ಮುಂದೆ ಬರುತ್ತಾರೆ.

1929ರ ನಂತರದ ಆರ್ಥಿಕ ಕುಸಿತದಿಂದ ಮುತ್ತು ಕೊಳ್ಳುವವರಿಲ್ಲದಾದರು. ಜಪಾನಿನಲ್ಲಿ ಬೆಳೆಸಿದ ಅಗ್ಗದ ಮುತ್ತು ಮಾರುಕಟ್ಟೆಗೆ ಬಂತು. ತಲೆತಲಾಂತರದ ಕಸುಬು ಕಣ್ಣೆದುರೇ ಮುಳುಗಿತು. ದುಬೈ ಎದ್ದು ನಿಂತದ್ದು ಹೇಗೆ? ತೈಲದಿಂದ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಅಲ್ಲಿ ತೈಲ ಸಿಕ್ಕಿದ್ದು 1966ರಲ್ಲಿ, ರಫ್ತು ಆರಂಭವಾದದ್ದು 1969ರಲ್ಲಿ. ಅದಕ್ಕೂ ಮುಂಚೆಯೇ ಶೇಖ್ ರಾಶಿದ್ ಕುವೈತಿನಿಂದ ಸಾಲ ತಂದು ಖೋರ್‌ನ ಹೂಳೆತ್ತಿಸಿ, ದೊಡ್ಡ ಹಡಗುಗಳಿಗೆ ದಾರಿ ಮಾಡಿದ್ದರು. ವ್ಯಾಪಾರ ಮತ್ತೆ ಕುದುರಿದ್ದು ಅಲ್ಲಿಂದ.

ಸಹೋದರಿ, ಇದೆಲ್ಲ ಗಂಡಸರ ಕತೆ. ಆ ನಾಲ್ಕು ತಿಂಗಳು ದಡದಲ್ಲಿ ಯಾರಿದ್ದರು?

ಹೆಂಗಸರು ಇದ್ದರು. ಬಾವಿಯಿಂದ ನೀರು ತರುವುದು, ಆಡು ಸಾಕುವುದು, ಮಕ್ಕಳ ಜ್ವರಕ್ಕೆ ಮದ್ದು ಮಾಡುವುದು, ಮುಂಗಡದ ಹಣವನ್ನು ಕೊನೆಯ ತನಕ ಎಳೆದು ಸಂಸಾರ ನಡೆಸುವುದು ಅವರ ಪಾಲು. ಬಡವರ ಮನೆ ಖರ್ಜೂರದ ಗರಿಯದು. ಸೆಖೆಗೆ ಗಾಳಿಗೋಪುರ ಕಟ್ಟಿಸುವ ಶಕ್ತಿ ಉಳ್ಳವರಿಗೆ ಮಾತ್ರ. ದೋಣಿಗಳು ಮರಳುವ ದಿನ ಅವರೆಲ್ಲ ಕಡಲ ತೀರಕ್ಕೆ ಬರುತ್ತಿದ್ದರು. ತಮ್ಮವರು ಇಳಿಯುತ್ತಾರೋ ಇಲ್ಲವೋ ಎಂದು ನೋಡುತ್ತಾ ನಿಲ್ಲುತ್ತಿದ್ದರು.

ಅಲ್ಲಿ ನಿಂತಿದ್ದಾಗ ನನಗೆ ಉಮರ್(ರ)ರ ಘಟನೆ ನೆನಪಾಯಿತು. ಅವರು ಖಲೀಫರಾಗಿದ್ದಾಗ ಒಂದು ರಾತ್ರಿ ಮದೀನದಲ್ಲಿ ಸಂಚರಿಸುತ್ತಿರುವಾಗ, ಯುದ್ಧಕ್ಕೆ ಹೋದ ಗಂಡನಿಗಾಗಿ ಹೆಣ್ಣೊಬ್ಬಳು ತನ್ನ ಮನೆಯೊಳಗೆ ಹಾಡಿಕೊಳ್ಳುತ್ತಿದ್ದ ಅಳಲು ಕೇಳಿಸಿತು. ಅವರು ಮಗಳಾದ ಹಫ್ಸಾ(ರ)ರ ಬಳಿ ಹೋಗಿ, ಹೆಣ್ಣು ಗಂಡನಿಲ್ಲದೆ ಎಷ್ಟು ಕಾಲ ಸಹಿಸಬಲ್ಲಳು ಎಂದು ಕೇಳಿದರು. ಅವರ ಉತ್ತರದಂತೆ ಸೈನಿಕರನ್ನು ಮನೆಯಿಂದ ದೂರ ಇರಿಸುವ ಅವಧಿಗೆ ಮಿತಿ ಹಾಕಿದರು. ಕೆಲವು ವರದಿಗಳಲ್ಲಿ ನಾಲ್ಕು ತಿಂಗಳು, ಕೆಲವುದರಲ್ಲಿ ಆರು ತಿಂಗಳು ಎಂದಿದೆ. ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಆಳುತ್ತಿದ್ದವರು ಒಬ್ಬಳು ಹೆಣ್ಣಿನ ದನಿಗೆ ಕಿವಿಗೊಟ್ಟರು.

ನಮ್ಮ ಮನೆಗಳಲ್ಲಿ ಎಷ್ಟು ತಿಂಗಳು? ನನ್ನ ಮಾವ 1970ರ ದಶಕದಲ್ಲಿ ಮುಂಬೈಯಿಂದ ಹಡಗು ಹತ್ತಿದವರು. ಎರಡು ವರ್ಷಕ್ಕೊಮ್ಮೆ ರಜೆ. ಅತ್ತೆಯವರಿಗೆ ಓದು ಬರಹ ಹೆಚ್ಚು ಬರುತ್ತಿರಲಿಲ್ಲ. ಹಾಗಾಗಿ ಮಾವ ಟೇಪ್‌ರೆಕಾರ್ಡರಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳುಹಿಸುತ್ತಿದ್ದರು. ಇಶಾ ನಮಾಝ್ ಮುಗಿಸಿ, ಮಕ್ಕಳನ್ನು ಮಲಗಿಸಿ, ಅತ್ತೆ ಅದನ್ನು ಸಣ್ಣ ದನಿಯಲ್ಲಿ ಕೇಳುತ್ತಿದ್ದರಂತೆ. ಇವರೂ ಒಂದು ಕ್ಯಾಸೆಟ್ ತುಂಬಿಸಿ ಕಳುಹಿಸುತ್ತಿದ್ದರು. ಮಗುವಿಗೆ ಹಲ್ಲು ಬಂತು, ದನ ಕರು ಹಾಕಿತು, ಬಾವಿಯ ನೀರು ಆರಿತು ಎಂಬ ಸುದ್ದಿಗಳು. ಹಡಗು ಹತ್ತಿದವರು ದುಡಿದರು, ಅಲ್‌ಹಮ್ದುಲಿಲ್ಲಾಹ್, ನಾವು ಉಂಡೆವು. ಕಾದು ಕುಳಿತವರ ದುಡಿಮೆಯನ್ನು ಲೆಕ್ಕ ಹಿಡಿದವರು ಯಾರೂ ಇಲ್ಲ.

ಮರುದಿನ ಮಗಳು ದೇರಾದ ಚಿನ್ನದ ಮಾರುಕಟ್ಟೆಯ ಹತ್ತಿರದ ಒಂದು ಓಣಿಗೆ ಕರೆದೊಯ್ದಳು. ಚಿನ್ನಕ್ಕೆಂದು ನಾನು ಆ ಮಾರುಕಟ್ಟೆಗೆ ಎಷ್ಟೋ ಸಲ ಹೋಗಿದ್ದೆ, ಆ ಓಣಿಗೆ ತಿರುಗಿರಲಿಲ್ಲ. ಅಲ್ಲಿ ಬೈತುಲ್ ಬನಾತ್, ಅಂದರೆ ಹೆಣ್ಣುಮಕ್ಕಳ ಮನೆ ಎಂಬ ಮಹಿಳಾ ಮ್ಯೂಸಿಯಂ ಇದೆ. ಮನೋವೈದ್ಯೆಯೂ ಪ್ರಾಧ್ಯಾಪಕಿಯೂ ಆದ ರಫಿಯಾ ಗುಬಾಶ್ ಅವರು 2012ರಲ್ಲಿ ಅದನ್ನು ತೆರೆದರು. ಮದುವೆಯಾಗದ ಸಹೋದರಿಯರು ಹಿಂದೆ ವಾಸವಾಗಿದ್ದ ಮನೆಯಾದ್ದರಿಂದ ಆ ಹೆಸರು. ಹಿಂದಿನ ಅರಬ್ ಹೆಂಗಸರಿಗೆ ಏನೂ ಗೊತ್ತಿರಲಿಲ್ಲ ಎಂಬ ಮಾತಿಗೆ ಆ ಮನೆಯೇ ಉತ್ತರ. ಉಡುಪು, ಒಡವೆ, ಫೋಟೋ, ಕಾಗದಪತ್ರಗಳನ್ನು ಒಟ್ಟುಗೂಡಿಸಿ ಇಟ್ಟಿದ್ದಾರೆ. 2018ರಲ್ಲಿ ತೀರಿಕೊಂಡ ಹಿರಿಯ ಕವಯಿತ್ರಿ ಊಶಾ ಬಿಂತ್ ಖಲೀಫಾ ಅವರಿಗೂ ಅಲ್ಲಿ ಸ್ಥಾನವಿದೆ. ಒಬ್ಬ ಹೆಣ್ಣುಮಗಳು ಮನಸ್ಸು ಮಾಡಿದ್ದರಿಂದ ಆ ವಸ್ತುಗಳು ಗುಜರಿಗೆ ಹೋಗದೆ ಉಳಿದವು.

ಹೊರಬರುವಾಗ ಮಗಳು ಕೇಳಿದಳು, "ಉಮ್ಮಾ, ಅಜ್ಜಿಯ ಆ ಕ್ಯಾಸೆಟ್‌ಗಳು ಎಲ್ಲಿವೆ?"

ನನ್ನ ಬಾಯಿ ಕಟ್ಟಿತು. ಮನೆ ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ ಇತ್ತು. ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ಗುಜರಿಯವನಿಗೆ ಹಳೆಯ ಪೇಪರಿನ ಜೊತೆ ಅದನ್ನೂ ಕೊಟ್ಟವಳು ನಾನೇ. ಅತ್ತೆ ಆಗ ಬದುಕಿದ್ದರು. ಒಂದು ಮಾತೂ ಆಡಲಿಲ್ಲ. ಈಗ ಅವರೂ ಇಲ್ಲ, ಮಾವನೂ ಇಲ್ಲ. ಅಲ್ಲಾಹನು ಇಬ್ಬರಿಗೂ ಸ್ವರ್ಗವನ್ನು ದಯಪಾಲಿಸಲಿ. ಪರದೇಶದವರು ಮೂಗಿಗೆ ಸಿಕ್ಕಿಸುವ ಕ್ಲಿಪ್ ಅನ್ನೂ ಗಾಜಿನೊಳಗೆ ಇಟ್ಟು ಕಾಯುತ್ತಿದ್ದಾರೆ. ನಾನು ನಮ್ಮ ಮನೆಯ ದನಿಯನ್ನೇ ತೂಕಕ್ಕೆ ಹಾಕಿ ಕೊಟ್ಟಿದ್ದೆ.

ಅದಕ್ಕೇ ನಿಮ್ಮಲ್ಲಿ ಎರಡು ವಿನಂತಿ.

ಒಂದು, ಮುಂದಿನ ಸಲ ದುಬೈಗೆ ಹೋದಾಗ ಅರ್ಧ ದಿನ ಈ ಮನೆಗಳಿಗಾಗಿ ಎತ್ತಿಡಿ. ಚಳಿಗಾಲದಲ್ಲಾದರೆ ಮನೆಯಿಂದ ಮನೆಗೆ ನಡೆಯಲು ಹಿತ. ಎಲ್ಲವನ್ನೂ ಒಂದೇ ದಿನ ಮುಗಿಸುವ ಆತುರ ಬೇಡ, ಎರಡು ಮೂರು ಮನೆ ನಿಧಾನವಾಗಿ ನೋಡಿದರೆ ಸಾಕು. ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ. ಎಷ್ಟೋ ವರ್ಷ ಅದೇ ಊರಿನಲ್ಲಿ ದುಡಿದೂ ಆತ ಅದನ್ನು ನೋಡಿರಲಿಕ್ಕಿಲ್ಲ. ಮಕ್ಕಳಿಗೆ ಆ ಹಗ್ಗ, ಆ ಕಲ್ಲು ತೋರಿಸಿ. ಸಂಪತ್ತು ಕೊಡುವವನೂ ಹಿಂದೆ ಪಡೆಯುವವನೂ ಅಲ್ಲಾಹನೇ ಎಂಬ ಪಾಠ ಮಾಲ್‌ಗಿಂತ ಅಲ್ಲಿ ಬೇಗ ತಿಳಿಯುತ್ತದೆ.

ಎರಡನೆಯದಕ್ಕೆ ವೀಸಾ ಬೇಡ, ಟಿಕೆಟ್ ಬೇಡ. ನಿಮ್ಮ ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ ಈ ವಾರವೇ ಅವರ ಬಳಿ ಕುಳಿತುಕೊಳ್ಳಿ. ಅಜ್ಜ ಮೊದಲ ಸಲ ಹೊರಟ ದಿನ ಏನಾಯಿತು, ದುಡ್ಡು ಬಾರದ ತಿಂಗಳು ಹೇಗೆ ಕಳೆಯಿತು, ಹೆರಿಗೆಗೆ ಯಾರಿದ್ದರು ಎಂದು ಕೇಳಿ. ಇಂದು ಪ್ರತಿ ಕೈಯಲ್ಲೂ ಮೊಬೈಲ್ ಇದೆ, ಅವರ ಮಾತನ್ನು ಅದರಲ್ಲಿ ದಾಖಲಿಸಿ. ಹಳೆಯ ಕಾಗದ, ಪಾಸ್‌ಪೋರ್ಟ್, ಕ್ಯಾಸೆಟ್ ಏನಿದ್ದರೂ ಜೋಪಾನವಾಗಿ ತೆಗೆದಿಡಿ. ಗುಜರಿಯವನು ಬಂದಾಗ ಪೆಟ್ಟಿಗೆಯ ಮುಚ್ಚಳ ತೆರೆದು ಒಮ್ಮೆ ನೋಡಿ.

ನಾನು ನೋಡಿರಲಿಲ್ಲ.