ಕ್ಯಾನ್ಸರ್ ರೋಗಿಯ ಕೈ ಹಿಡಿಯುವ ನರ್ಸಿಗೆ ಅಧಿಕಾರವೂ ಇರಲಿ

ಗರ್ಭಕಂಠದ ಕ್ಯಾನ್ಸರ್ ಸುತ್ತಲಿನ ಭಾಗಕ್ಕೂ ಹಬ್ಬಿದೆ ಎಂದಾದರೆ ಚಿಕಿತ್ಸೆಯ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ: ಐದು ವಾರ ಹೊರಗಿನಿಂದ ರೇಡಿಯೇಷನ್, ಜೊತೆಗೇ ವಾರಕ್ಕೊಂದು ಕಿಮೋ, ಕೊನೆಗೆ ಒಳಗಿನಿಂದಲೇ ರೇಡಿಯೇಷನ್ ಕೊಡುವ ಬ್ರಾಕಿಥೆರಪಿ. ಇಷ್ಟೂ ಎಂಟು ವಾರದೊಳಗೆ ಮುಗಿಯಬೇಕು ಎನ್ನುತ್ತಾರೆ ತಜ್ಞರು. ಅದಕ್ಕಿಂತ ಎಳೆದರೆ ರೋಗ ಮತ್ತೆ ತಲೆಯೆತ್ತುವ ಭಯ ಹೆಚ್ಚು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ದುಡಿದು ಕೆಂಗೇರಿಯ ಬಾಡಿಗೆ ಮನೆಯಲ್ಲಿರುವ ಹೆಣ್ಣುಮಗಳಿಗೆ ಈ ಎಂಟು ವಾರ ಅಂದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಚೀಟಿ, ಸ್ಕ್ಯಾನು, ಬಯಾಪ್ಸಿ ರಿಪೋರ್ಟು, ಪ್ರತಿ ಕಿಮೋಗೆ ಮುಂಚೆ ರಕ್ತಪರೀಕ್ಷೆ, ರೇಡಿಯೇಷನ್ ಮೆಷಿನ್ನಿನ ಸರದಿ, ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಮೆಟ್ರೊ, ಬಸ್ಸು ಬದಲಿಸುವ ಓಡಾಟ. ಒಂದೊಂದು ವಿಭಾಗವೂ ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಬಹುದು. ಆದರೆ ಒಂದು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಅವಳ ದಿನಗಳನ್ನು ಎಣಿಸುವವರು ಯಾರು? ಆ ಹೊಣೆಯನ್ನು ಒಬ್ಬ ನರ್ಸಿಗೆ ವಹಿಸಬೇಕು, ಹೊಣೆಯ ಜೊತೆ ಅಧಿಕಾರವನ್ನೂ ಕೊಡಬೇಕು ಎಂಬುದು ನನ್ನ ವಾದ.

ಇದಕ್ಕೆ ಪುರಾವೆಯಿದೆ. ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ ಎಂದು ಹಲವು ಬಗೆಯ ಕ್ಯಾನ್ಸರುಗಳ ಅಧ್ಯಯನಗಳನ್ನು ಕ್ರೋಡೀಕರಿಸಿ 2020ರಲ್ಲಿ ‘ಬಿಎಂಜೆ’ ವೈದ್ಯಪತ್ರಿಕೆ ಪ್ರಕಟಿಸಿತು. ಇನ್ನೂ ಮುಖ್ಯವಾದದ್ದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಿಂದ 2017ರಲ್ಲಿ ಬಂದ ಫಲಿತಾಂಶ. ರೋಗ ದೇಹದಲ್ಲಿ ಹರಡಿದ್ದ, ಕಿಮೋ ಪಡೆಯುತ್ತಿದ್ದ 766 ಮಂದಿಯಲ್ಲಿ ಒಂದು ಗುಂಪಿನವರು ನೋವು, ವಾಂತಿ, ಉಸಿರಾಟದ ಕಷ್ಟವನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿದ್ದರು. ಲಕ್ಷಣ ಉಲ್ಬಣಿಸಿದರೆ ಕೂಡಲೇ ನರ್ಸಿಗೆ ಸಂದೇಶ ಹೋಗುತ್ತಿತ್ತು. ಆ ಗುಂಪಿನವರ ಬದುಕಿನ ಮಧ್ಯಮಾವಧಿ 31.2 ತಿಂಗಳು, ಉಳಿದವರದು 26. ಹೊಸ ಔಷಧಿಯೊಂದು ಐದು ತಿಂಗಳ ಆಯುಸ್ಸು ಕೂಡಿಸಿದ್ದರೆ ದೇಶದ ಎಲ್ಲ ಆಸ್ಪತ್ರೆಗಳೂ ಅದನ್ನು ತರಿಸಿಕೊಳ್ಳಲು ಮುಗಿಬೀಳುತ್ತಿದ್ದವು. ನಮ್ಮಲ್ಲಿ ಕಿಮೋ ಆದ ಹತ್ತನೇ ದಿನ ರಾತ್ರಿ ಜ್ವರ 38 ಡಿಗ್ರಿ ದಾಟಿದರೆ ಒಂದು ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯುವವರುಂಟು. ಬಿಳಿ ರಕ್ತಕಣಗಳು ಕುಸಿದಿರುವ ಹೊತ್ತದು. ಕೆಲವೇ ಗಂಟೆಗಳಲ್ಲಿ ಸೋಂಕು ಪ್ರಾಣಕ್ಕೇ ಕುತ್ತು ತರಬಹುದು. ಈಗಲೇ ಹೊರಡಿ ಎಂದು ಹೇಳಬಲ್ಲವರ ಫೋನ್ ನಂಬರು ಆ ಮನೆಯಲ್ಲಿ ಇರಬೇಕು.

ನರ್ಸೇ ಯಾಕೆ, ಆ್ಯಪ್ ಸಾಲದೇ, ಸಮಾಜ ಕಾರ್ಯಕರ್ತರು ಸಾಲರೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1990ರಲ್ಲಿ ಡಾ. ಹೆರಾಲ್ಡ್ ಫ್ರೀಮನ್ ರೋಗಿಗಳ ಜೊತೆಗಾರರನ್ನು ನೇಮಿಸಿದಾಗ ಅವರು ಸಾಮಾನ್ಯ ಜನರೇ ಆಗಿದ್ದರು. ಉಚಿತ ತಪಾಸಣೆಯೂ ಸೇರಿ, ಅಲ್ಲಿ ಸ್ತನ ಕ್ಯಾನ್ಸರಿನಿಂದ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ 39ರಿಂದ 70ಕ್ಕೆ ಏರಿತು. ಮುಂಬೈಯ ಟಾಟಾ ಮೆಮೋರಿಯಲ್ ಕೂಡ ‘ಕೇವಟ್’ ಹೆಸರಿನಲ್ಲಿ ಇಂಥ ಜೊತೆಗಾರರಿಗೆ ತರಬೇತಿ ಕೊಡುತ್ತಿದೆ. ಕಾಗದಪತ್ರ, ಹಣಕಾಸು, ವಸತಿಗೆ ಅವರು ಖಂಡಿತ ಬೇಕು. ಆದರೆ ಇಂದಿನ ರಕ್ತದ ರಿಪೋರ್ಟು ನೋಡಿ ಡಾಕ್ಟರಿಗೆ ಈಗಲೇ ತಿಳಿಸಬೇಕೇ ಎಂದು ತೂಗುವುದಕ್ಕೆ ವೈದ್ಯಕೀಯ ತಿಳಿವಳಿಕೆ ಬೇಕು. ಆ ತಂಡವನ್ನು ಮುನ್ನಡೆಸಬೇಕಾದವರು ನರ್ಸ್. ಆ್ಯಪಿನ ಮಾತಿಗೆ ಉತ್ತರ ಸ್ಲೋನ್ ಕೆಟರಿಂಗ್ ಅಧ್ಯಯನದಲ್ಲೇ ಇದೆ: ಯಂತ್ರ ಎಚ್ಚರಿಸಿತು, ಮುಂದಿನ ಕೆಲಸ ಮಾಡಿದವರು ನರ್ಸುಗಳು.

ವಾರ್ಡಿಗೇ ನರ್ಸುಗಳು ಸಾಲದಿರುವಾಗ ಇದೆಲ್ಲಿಂದ ಎಂಬ ಆಕ್ಷೇಪ ಹೆಚ್ಚು ಗಟ್ಟಿ. ಕೊರತೆ ನಿಜ. ಆದರೆ ಈ ಕೆಲಸ ಈಗಲೂ ಎಷ್ಟೋ ಕಡೆ ಲೆಕ್ಕಕ್ಕೆ ಸಿಗದಂತೆ ನಡೆಯುತ್ತಲೇ ಇದೆ. ಡ್ಯೂಟಿ ಮುಗಿದ ಮೇಲೂ ಸಿಸ್ಟರ್ ತಮ್ಮ ಮೊಬೈಲಿನಲ್ಲಿ ರೋಗಿಯ ಮನೆಯವರಿಗೆ ಉತ್ತರಿಸುತ್ತಾರೆ, ಲ್ಯಾಬಿಗೆ ತಾವೇ ಹೋಗಿ ರಿಪೋರ್ಟು ತರುತ್ತಾರೆ. ಅವರ ಒಳ್ಳೆಯತನವನ್ನೇ ನೆಚ್ಚಿಕೊಂಡು ವ್ಯವಸ್ಥೆ ನಡೆಸುವುದು ಅವರಿಗೂ ಅನ್ಯಾಯ, ರೋಗಿಗೂ ಅನ್ಯಾಯ. ಅವರು ರಜೆ ಹಾಕಿದ ದಿನ ಎಲ್ಲವೂ ನಿಲ್ಲುತ್ತದೆ. ಜೊತೆಗೆ, ಹೊತ್ತಿಗೆ ಸರಿಯಾಗಿ ಮಾಡಿದ ಒಂದು ಕರೆ ಐಸಿಯು ದಾಖಲಾತಿಯನ್ನು ತಪ್ಪಿಸಿದರೆ ಉಳಿಯುವುದು ಎಷ್ಟೋ ನರ್ಸುಗಳ ಎಷ್ಟೋ ಪಾಳಿ.

ಕರುಣೆಯನ್ನು ನಾವು ಮೃದು ಮಾತು, ನಗುಮುಖ ಎಂದಷ್ಟೇ ತಿಳಿದಿದ್ದೇವೆ. ಇಲ್ಲಿ ಕರುಣೆ ಎಂದರೆ ಹೆಚ್ಚಾಗಿ ಮಾಹಿತಿ. ಇಎಸ್‌ಐನಲ್ಲಿ ದೀರ್ಘಕಾಲದ 34 ರೋಗಗಳಿಗೆ ವಿಸ್ತರಿತ ಅನಾರೋಗ್ಯ ಭತ್ಯೆಯಿದೆ. ಆ ಪಟ್ಟಿಯಲ್ಲಿ ಕ್ಯಾನ್ಸರೂ ಸೇರಿದೆ. ಅರ್ಹತೆಯಿದ್ದರೆ ಕೂಲಿಯ ಶೇ 80ರಷ್ಟು, ಎರಡು ವರ್ಷದವರೆಗೂ ಸಿಗಬಹುದು. ಇದು ಗೊತ್ತಿಲ್ಲದ ಹೆಣ್ಣುಮಗಳು ಮನೆ ಬಾಡಿಗೆ ಕಟ್ಟಬೇಕೆಂದು ಐದನೇ ಕಿಮೋ ಬಿಟ್ಟು ಕೆಲಸಕ್ಕೆ ಹೋದರೆ, ‘ರೋಗಿ ಬರಲಿಲ್ಲ’ ಎಂದು ಫೈಲಿನಲ್ಲಿ ಬರೆದು ಕೈತೊಳೆದುಕೊಳ್ಳುವುದು ಸುಲಭ. ಯಾಕೆ ಬರಲಿಲ್ಲ ಎಂದು ಅದೇ ದಿನ ಫೋನ್ ಮಾಡಿ ಕೇಳಿ, ಭತ್ಯೆಗೆ ಬೇಕಾದ ಸರ್ಟಿಫಿಕೇಟಿಗೆ ದಾರಿ ತೋರಿಸಿ, ತಪ್ಪಿದ ದಿನಕ್ಕೆ ಬದಲಿ ದಿನ ಕೊಡಿಸುವ ನರ್ಸ್ ಚಿಕಿತ್ಸೆಯನ್ನೇ ಉಳಿಸಿಕೊಟ್ಟಂತೆ.

ಬದಲಿ ದಿನ ಕೊಡಿಸಲು ಅಧಿಕಾರ ಬೇಕು. ತಜ್ಞ ವೈದ್ಯರು ಸೇರಿ ಚಿಕಿತ್ಸೆ ತೀರ್ಮಾನಿಸುವ ಟ್ಯೂಮರ್ ಬೋರ್ಡಿನಲ್ಲಿ ಈ ನರ್ಸಿಗೆ ಕುರ್ಚಿ ಇರಬೇಕು, ರೇಡಿಯೇಷನ್ ಮತ್ತು ಡೇ ಕೇರ್ ಪಟ್ಟಿಗಳಲ್ಲಿ ಸರದಿ ಬದಲಿಸುವ ಹಕ್ಕಿರಬೇಕು, ಪಾಳಿ ಪ್ರಕಾರ ಕೈ ಬದಲಿಸುವ ಆಸ್ಪತ್ರೆಯದೇ ಫೋನ್ ಇರಬೇಕು. ಔಷಧ, ಚಿಕಿತ್ಸಾಕ್ರಮದ ತೀರ್ಮಾನ ಡಾಕ್ಟರದ್ದೇ. ಅದು ತಡವಾಗದಂತೆ ನೋಡಿಕೊಳ್ಳುವುದು ನರ್ಸಿನ ಅಧಿಕಾರ. ಶುಶ್ರೂಷಾ ಪರಿಷತ್ತಿನ ಮಾನ್ಯತೆಯುಳ್ಳ ಕ್ಯಾನ್ಸರ್ ಶುಶ್ರೂಷೆಯ ಡಿಪ್ಲೊಮಾ ಈಗಾಗಲೇ ಇದೆ, ಅದನ್ನು ಓದಿದವರಿಗೆ ತಕ್ಕ ಹುದ್ದೆ ಮಂಜೂರಾಗಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಘೋಷಿಸಿದೆ. ಕಿಮೋ ಒಂದೂರಿನಲ್ಲಿ, ರೇಡಿಯೇಷನ್ ಇನ್ನೊಂದೂರಿನಲ್ಲಿ ಆದಂತೆ ಈ ಸಂದಿಗಳು ಇನ್ನೂ ಹೆಚ್ಚುತ್ತವೆ. ಪಶ್ಚಿಮ ಬೆಂಗಳೂರಿನ ಮಟ್ಟಿಗೆ ಮೊದಲ ಹುದ್ದೆ ಇಎಸ್‌ಐ ವ್ಯವಸ್ಥೆಯಲ್ಲೇ ಶುರುವಾಗಲಿ. ಪೀಣ್ಯ, ಮೈಸೂರು ರಸ್ತೆಯ ಕಾರ್ಮಿಕರ ಸಂಬಳದಲ್ಲಿ ತಿಂಗಳು ತಿಂಗಳೂ ಶೇ 0.75ರಷ್ಟು ಅದಕ್ಕೆ ಮುರಿದುಕೊಳ್ಳುತ್ತಾರೆ, ಮಾಲೀಕರು ಶೇ 3.25 ಕಟ್ಟುತ್ತಾರೆ. ಈ ಸೇವೆಯನ್ನು ಹಕ್ಕೆಂದು ಕೇಳಲು ಅವರಿಗೆ ಅಷ್ಟು ಸಾಕು.